ಗಾಂಧಾರಿಯ ಜೊತೆಗಾರ

ಹಳೆಯ ಗ್ರಾಮೋಫೋನ್ ತಟ್ಟೆಗಳಲ್ಲಿ ಗಂಗೂಬಾಯಿ ಹಾನಗಲ್ ಎಂದು ಹುಡುಕುವವರಿಗೆ ಅವರ ಮೊದಲ ಹಾಡುಗಳು ಸುಲಭವಾಗಿ ಸಿಗುವುದಿಲ್ಲ. 1930ರ ದಶಕದಲ್ಲಿ ಎಚ್‌ಎಂವಿ ಕಂಪನಿ ಅವನ್ನು ಹೊರತಂದದ್ದು ‘ಹುಬ್ಬಳ್ಳಿಯ ಗಾಂಧಾರಿ’ ಎಂಬ ಹೆಸರಿನಲ್ಲಿ. ಆಗ ಅವರ ಜೊತೆಗೆ ಮರಾಠಿ ಯುಗಳ ಭಾವಗೀತೆ ಹಾಡಿದವರು ಜಿ. ಎನ್. ಜೋಶಿ (1909–1994).

ಜೋಶಿಯವರು ಓದಿದ್ದು ಕಾನೂನು, ಒಲಿದದ್ದು ಹಾಡು. ನಾ. ಘ. ದೇಶಪಾಂಡೆಯವರ ‘ಶೀಳ’ ಕವಿತೆಯನ್ನು ಅವರು ಹಾಡಿದ ತಟ್ಟೆ ಮರಾಠಿ ಭಾವಗೀತೆಗೆ ದಾರಿ ತೆರೆಯಿತು. 1938ರಲ್ಲಿ ಎಚ್‌ಎಂವಿ ಸೇರಿದ ಮೇಲೆ ಹಾಡುತ್ತಿದ್ದವರು ಹಾಡಿಸುವವರಾದರು.

ಹಾಡಿಸುವುದು ಸಣ್ಣ ಕೆಲಸವಲ್ಲ. 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದುದು ಸುಮಾರು ಮೂರೂವರೆ ನಿಮಿಷ. ಬೈಠಕಿನಲ್ಲಿ ತಾಸುಗಟ್ಟಲೆ ಬೆಳೆಯುವ ರಾಗವನ್ನು ಅಷ್ಟರಲ್ಲೇ ಹೇಳಿ ಮುಗಿಸಬೇಕು. ಆಲಾಪ ಎಷ್ಟು ಸಾಕು, ಯಾವ ತಾನು ಬಿಡಬೇಕು ಎಂದು ದೊಡ್ಡ ಕಲಾವಿದರ ಎದುರು ಮಾತಾಡಲು ಯಂತ್ರದ ತಿಳಿವಳಿಕೆಯೊಂದೇ ಸಾಲದು. ಮುಂದೆ ಲಾಂಗ್‌ಪ್ಲೇ ತಟ್ಟೆ ಬಂದು ಒಂದು ಬದಿಗೆ ಇಪ್ಪತ್ತು ನಿಮಿಷ ಸಿಕ್ಕಾಗ ಜೋಶಿಯವರ ಕಲ್ಪನೆಗೂ ಜಾಗ ಸಿಕ್ಕಿತು. ಶಿವಕುಮಾರ ಶರ್ಮಾ, ಹರಿಪ್ರಸಾದ್ ಚೌರಾಸಿಯಾ, ಬ್ರಿಜ್‌ಭೂಷಣ ಕಾಬ್ರಾ ಮೂವರನ್ನೂ ಕೂಡಿಸಿ ಅವರು ನಿರ್ಮಿಸಿದ ‘ಕಾಲ್ ಆಫ್ ದಿ ವ್ಯಾಲಿ’ ಕಾಶ್ಮೀರದ ಕುರಿಗಾಹಿಯ ಒಂದು ದಿನವನ್ನು ಬೆಳಗಿನಿಂದ ರಾತ್ರಿಯವರೆಗಿನ ರಾಗಗಳಲ್ಲಿ ಹೇಳುತ್ತದೆ. ಅದು ಜಗತ್ತನ್ನೇ ಸುತ್ತಿತು. ತಮ್ಮ ನೆನಪುಗಳನ್ನು ಅವರು ‘ಡೌನ್ ಮೆಲಡಿ ಲೇನ್’ ಪುಸ್ತಕದಲ್ಲಿ ಬರೆದಿಟ್ಟರು.

ಕನ್ನಡದವರು ಇದನ್ನೇಕೆ ಗಮನಿಸಬೇಕು? ಗಂಗೂಬಾಯಿಯವರ ದನಿ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಡುಸಾಯಿತು. ಅದಕ್ಕೂ ಮೊದಲಿನ ತೆಳು, ಏರುದನಿ ನಮಗೆ ಉಳಿದಿರುವುದು ಗಾಂಧಾರಿಯ ತಟ್ಟೆಗಳಲ್ಲಿ. ಕಂಪನಿ ದನಿಯನ್ನು ಉಳಿಸಿತು, ಹೆಸರನ್ನು ಮರೆಮಾಡಿತು. ತಟ್ಟೆಯ ಚರಿತ್ರೆಯೆಂದರೆ ಈ ಎರಡರ ಲೆಕ್ಕ.

ಕಪನೂರದಲ್ಲಿದ್ದು ಸಂಶೋಧನೆ ಮಾಡುವ ನನಗೆ ಈ ಲೆಕ್ಕ ದೂರದ್ದಲ್ಲ. ಕಲಬುರಗಿ, ಕಮಲಾಪುರದ ಕಡೆಯ ತತ್ವಪದ, ರಿವಾಯತ್ ಪದಗಳು ಇವತ್ತು ಮೊಬೈಲಿನಲ್ಲಿ ಕೈಯಿಂದ ಕೈಗೆ ಹೋಗುತ್ತವೆ. ಮೂರೂವರೆ ನಿಮಿಷದ ಕಟ್ಟು ಈಗಿಲ್ಲ. ಆದರೆ ಎಷ್ಟೋ ಸಲ ಹಾಡಿದವರ ಹೆಸರೂ ಇರುವುದಿಲ್ಲ, ಊರೂ ಇರುವುದಿಲ್ಲ. ಗಾಂಧಾರಿ ಯಾರೆಂದು ನಮಗೆ ಗೊತ್ತಾದದ್ದು ಆಕೆ ಮುಂದೆ ಗಂಗೂಬಾಯಿಯಾಗಿ ಬೆಳೆದದ್ದರಿಂದ. ಹಾಗೆ ಬೆಳೆಯದ ದನಿಗಳಿಗೆ, ಹಾಡು ಹಿಡಿದುಕೊಂಡ ದಿನವೇ ಯಾರಾದರೂ ಹೆಸರು ಬರೆದಿಡಬೇಕು.