ಗಾಳಿ ಬಂದಾಗ ತೂರಿಕೋ: ದ್ವೀಪಯಾನ ಮತ್ತು ಮೈಲಿಗಳ ಲೆಕ್ಕ

ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರ ಆಗಸ್ಟ್‌ನಲ್ಲಿ. ಅದಾದ ಒಂಬತ್ತು ತಿಂಗಳಿಗೆ, 2008ರ ಮೇ 24ರಂದು, ಹೊಸ ಜಿಲ್ಲೆಯ ಮಗ್ಗುಲಲ್ಲೇ ಇರುವ ದೇವನಹಳ್ಳಿಯಲ್ಲಿ ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕೆಲಸ ಆರಂಭಿಸಿತು. ಅಲ್ಲಿಯವರೆಗೆ ದ್ರಾಕ್ಷಿ ಮತ್ತು ಹೂವಿನ ಚಿಕ್ಕಬಳ್ಳಾಪುರ, ರೇಷ್ಮೆಗೂಡಿನ ಶಿಡ್ಲಘಟ್ಟ, ವ್ಯಾಪಾರದ ಊರೆಂದೇ ಹೆಸರಾದ ಚಿಂತಾಮಣಿ ಮತ್ತು ಆಂಧ್ರದ ಗಡಿಗೆ ಅಂಟಿಕೊಂಡಂತಿರುವ ಗೌರಿಬಿದನೂರಿನ ಜನ ವಿಮಾನ ಹತ್ತಬೇಕಾದರೆ ಬೆಂಗಳೂರು ನಗರವನ್ನು ದಾಟಿ ಎಚ್‌ಎಎಲ್ ನಿಲ್ದಾಣಕ್ಕೆ ಹೋಗಬೇಕಾಗಿತ್ತು. ಈಗ ಅವರಿಗೆ ಬೆಂಗಳೂರಿಗಿಂತ ಮೊದಲು ಸಿಗುವುದೇ ವಿಮಾನ ನಿಲ್ದಾಣ. 2024ರ ಮಾರ್ಚ್ 29ರಂದು ಅಲ್ಲಿಂದ ಬಾಲಿ ದ್ವೀಪಕ್ಕೆ ಇಂಡಿಗೊ ಸಂಸ್ಥೆಯ ನೇರ ವಿಮಾನವೂ ಶುರುವಾಯಿತು. ಸುಮಾರು 3,000 ಮೈಲಿ ದೂರದ ದ್ವೀಪ ಒಂದೇ ನೆಗೆತದ ದಾರಿಯಾಯಿತು.

ವಿಮಾನದ ಜೊತೆಗೆ ಇನ್ನೊಂದು ಮಾತೂ ಈ ಊರುಗಳಿಗೆ ಬಂದಿದೆ. ಅದು ‘ಮೈಲಿ’. ಇದು ರಸ್ತೆ ಬದಿಯ ಕಲ್ಲು ತೋರಿಸುವ ಮೈಲಿಯಲ್ಲ. ವಿಮಾನ ಸಂಸ್ಥೆಗಳು ತಮ್ಮ ಗಿರಾಕಿಗಳ ಲೆಕ್ಕಕ್ಕೆ ಜಮಾ ಮಾಡುವ ಮೈಲಿ. ಇವನ್ನು ಕೂಡಿಹಾಕಿದರೆ ಸಿಂಗಪುರ, ಪೆನಾಂಗ್, ಲಂಕಾವಿ, ಬಾಲಿಗಳಿಗೆ ‘ಉಚಿತ’ವಾಗಿ ಹೋಗಿಬರಬಹುದು ಎಂದು ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಮಾರುವವರು ಹೇಳುತ್ತಾರೆ. ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎಂಬ ಗಾದೆಯಂತೆ ಒಂದೇ ಮನೆಗೆ ಎರಡು ಮೂರು ಕಾರ್ಡು ಬಂದು ಸೇರುವುದೂ ಉಂಟು. ಈ ಮೈಲಿ ನಿಜವಾಗಿ ಏನು? ಅದರ ಹಣ ಕೊಡುವವರು ಯಾರು? ಅದನ್ನು ಎಷ್ಟು ನಂಬಬಹುದು? ದ್ವೀಪಗಳಿಗೆ ಹಿಂದಿನವರು ಹೇಗೆ ಹೋಗುತ್ತಿದ್ದರು ಎಂಬುದನ್ನು ಮೊದಲು ನೋಡಿದರೆ ಈ ಪ್ರಶ್ನೆಗಳಿಗೆ ಉತ್ತರ ಸುಲಭವಾಗುತ್ತದೆ.

ಐನೂರ್ವರ ದಾರಿ

ನಾವು ದ್ವೀಪಗಳನ್ನು ಕಾಣುವ ಮೊದಲೇ ದ್ವೀಪಗಳು ನಮ್ಮ ಅಡಿಗೆಮನೆಗೆ ಬಂದಿದ್ದವು. ಲವಂಗದ ಮೂಲ ನೆಲೆ ಇಂಡೋನೇಷ್ಯದ ಮಲುಕು ದ್ವೀಪಗಳು. ಜಾಯಿಕಾಯಿ, ಜಾಪತ್ರೆಗಳದು ಅಲ್ಲಿಯದೇ ಆದ ಬಂಡಾ ದ್ವೀಪಗಳು. ದೇವಸ್ಥಾನದ ತೀರ್ಥಕ್ಕೆ ಹಾಕುವ ಪಚ್ಚಕರ್ಪೂರದ ಅತಿ ಶ್ರೇಷ್ಠ ಬಗೆ ಸುಮಾತ್ರ ಮತ್ತು ಬೋರ್ನಿಯೋ ಕಾಡಿನ ಮರಗಳಿಂದ ಬರುತ್ತಿತ್ತು. ಆ ಕರ್ಪೂರ ಹಡಗು ಹತ್ತುತ್ತಿದ್ದ ಹೆಸರಾಂತ ಬಂದರು ಸುಮಾತ್ರದ ಪಶ್ಚಿಮ ತೀರದ ಬಾರೂಸ್.

ಈ ಬಾರೂಸ್ ಬಳಿಯ ಲೋಬು ತುವಾ ಎಂಬಲ್ಲಿ 1873ರಲ್ಲಿ ಒಂದು ತಮಿಳು ಶಿಲಾಶಾಸನ ದೊರೆಯಿತು. ಅದರ ಕಾಲ ಶಕ 1010, ಅಂದರೆ ಕ್ರಿ.ಶ. 1088. ಅದನ್ನು ಹಾಕಿಸಿದವರು ‘ಐನೂರ್ವರು’ ಎಂಬ ವರ್ತಕ ಸಂಘದವರು. ಈ ಸಂಘದ ತವರು ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆ. ಕನ್ನಡ ಶಾಸನಗಳು ಇವರನ್ನು ‘ಅಯ್ಯಾವೊಳೆ ಐನೂರ್ವರು’ ಎಂದು ಕರೆಯುತ್ತವೆ. ಕನ್ನಡ ನೆಲದಲ್ಲಿ ಹುಟ್ಟಿದ ಸಂಘ ತಮಿಳು, ತೆಲುಗು ನಾಡುಗಳಿಗೆ ಹಬ್ಬಿ, ಕೊನೆಗೆ ಸುಮಾತ್ರದಲ್ಲಿ ಕಲ್ಲು ನೆಡಿಸುವಷ್ಟು ಬೆಳೆದಿತ್ತು. ಬಂದರಿಗೆ ಬರುವ ಹಡಗಿನವರು ಚಿನ್ನದ ರೂಪದಲ್ಲಿ ಕೊಡಬೇಕಾದ ಸುಂಕವನ್ನು ಆ ಶಾಸನ ಗೊತ್ತುಪಡಿಸುತ್ತದೆ.

ಚಿಕ್ಕಬಳ್ಳಾಪುರದ ಸೀಮೆಯೂ ಈ ಕಥೆಯಿಂದ ಹೊರಗಿಲ್ಲ. ಹನ್ನೊಂದನೆಯ ಶತಮಾನದ ಆದಿಯಲ್ಲಿ ಕೋಲಾರದ ಸುತ್ತಣ ನಾಡು ಚೋಳರ ವಶವಾಗಿ ‘ನಿಕರಿಲಿಚೋಳ ಮಂಡಲ’ ಎಂಬ ಹೆಸರು ಪಡೆಯಿತು. ನಂದಿಬೆಟ್ಟದ ತಪ್ಪಲಿನ ಭೋಗನಂದೀಶ್ವರ ದೇವಾಲಯದಲ್ಲಿರುವ ಒಂದು ರಾಜವಿಗ್ರಹ ರಾಜೇಂದ್ರ ಚೋಳನದೆಂದು ಹೇಳುವ ರೂಢಿಯಿದೆ. 1025ರ ಸುಮಾರಿನಲ್ಲಿ ಶ್ರೀವಿಜಯ ಸಾಮ್ರಾಜ್ಯದ ಮೇಲೆ ನೌಕಾಪಡೆ ಕಳಿಸಿ ಮಲಯ ಮತ್ತು ಸುಮಾತ್ರದ ಬಂದರುಗಳನ್ನು ಮುತ್ತಿದವನು ಇದೇ ರಾಜೇಂದ್ರ. ಐನೂರ್ವರ ಶಾಸನ ಬಾರೂಸಿನಲ್ಲಿ ನಿಂತದ್ದು ಇದಾದ ಸುಮಾರು ಅರವತ್ತು ವರ್ಷಗಳ ಮೇಲೆ.

ಅಂದಿನ ಯಾತ್ರೆಗೆ ಎರಡು ಆಸರೆಗಳು ಬೇಕಾಗಿದ್ದವು. ಒಂದು, ಗಾಳಿ. ನೈಋತ್ಯ ಮಾರುತ ಹಿಡಿದು ಪೂರ್ವಕ್ಕೆ ಹೋದ ಹಡಗು ಈಶಾನ್ಯ ಮಾರುತಕ್ಕಾಗಿ ತಿಂಗಳುಗಟ್ಟಲೆ ಕಾದು ಹಿಂದಿರುಗಬೇಕು. ಎರಡು, ನಂಬಿಕೆ. ಪರದೇಶದ ಬಂದರಿನಲ್ಲಿ ಗುರುತಿಲ್ಲದವನಿಗೆ ಸರಕನ್ನು ಒಪ್ಪಿಸಬೇಕಾದರೆ ಇಬ್ಬರ ಬೆನ್ನಿಗೂ ಸಂಘ ಇರಬೇಕು. ಐನೂರ್ವರು ತಮ್ಮ ಕಟ್ಟಳೆಯನ್ನು ‘ವೀರಬಣಂಜು ಧರ್ಮ’ ಎಂದು ಕರೆದು ಅದನ್ನು ಕಾಪಾಡುವವರು ತಾವೆಂದು ಶಾಸನಗಳಲ್ಲಿ ಹೇಳಿಕೊಂಡರು. ಆ ಧರ್ಮ ಕೊಡುವವನನ್ನೂ ಕಟ್ಟಿಹಾಕುತ್ತಿತ್ತು, ಪಡೆಯುವವನನ್ನೂ ಕಟ್ಟಿಹಾಕುತ್ತಿತ್ತು.

ಉಗಿ ಹಡಗು ಬಂದ ಮೇಲೆ ಗಾಳಿಯ ಹಂಗು ತಪ್ಪಿತು. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯವರಾದ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿಬಂದದ್ದು ಇಂಥ ಹಡಗುಗಳ ಕಾಲದಲ್ಲಿ. ಆದರೂ ಅಂಥ ಯಾತ್ರೆ ದೊಡ್ಡ ಹುದ್ದೆಯವರಿಗೆ, ದೊಡ್ಡ ವ್ಯಾಪಾರಿಗಳಿಗೆ ಮಾತ್ರ ಕೈಗೆಟುಕುವಂಥದಾಗಿತ್ತು. ಸಾಮಾನ್ಯ ಸಂಸಾರವೊಂದು ರಜೆಗೆಂದು ದ್ವೀಪಕ್ಕೆ ಹೋಗುವ ಮಾತು ಬಂದದ್ದು ವಿಮಾನ ಅಗ್ಗವಾದ ಮೇಲೆ.

ಮೈಲಿಯ ಹುಟ್ಟು

ಅಮೆರಿಕದಲ್ಲಿ 1978ರವರೆಗೆ ವಿಮಾನದ ದರ ಮತ್ತು ಮಾರ್ಗಗಳನ್ನು ಸರ್ಕಾರವೇ ನಿಯಂತ್ರಿಸುತ್ತಿತ್ತು. ಆ ವರ್ಷ ನಿಯಂತ್ರಣ ತೆಗೆದುಹಾಕಿದ ಮೇಲೆ ಪೈಪೋಟಿ ಹೆಚ್ಚಿತು. ಒಂದೇ ಊರಿಗೆ ಹತ್ತು ಸಂಸ್ಥೆಗಳು ಹಾರಿದಾಗ ಗಿರಾಕಿಯನ್ನು ಕಟ್ಟಿಹಾಕುವುದು ಹೇಗೆ? 1979ರಲ್ಲಿ ಟೆಕ್ಸಾಸ್ ಇಂಟರ್‌ನ್ಯಾಷನಲ್ ಎಂಬ ಸಣ್ಣ ಸಂಸ್ಥೆ ಹಾರಿದ ದೂರವನ್ನು ಲೆಕ್ಕವಿಟ್ಟು ಬಹುಮಾನ ಕೊಡುವ ಉಪಾಯ ಹೂಡಿತು. 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ಇದನ್ನೇ ದೇಶವ್ಯಾಪಿಯಾಗಿ ಆರಂಭಿಸಿತು. ಟಿಕೆಟ್ ಕಾಯ್ದಿರಿಸುವ ಅದರ ಕಂಪ್ಯೂಟರಿನಲ್ಲಿ ಪದೇ ಪದೇ ಪ್ರಯಾಣಿಸುವವರ ವಿವರ ಆಗಲೇ ಇತ್ತು. ಕೆಲವೇ ದಿನಗಳಲ್ಲಿ ಯುನೈಟೆಡ್ ಸಂಸ್ಥೆಯೂ ಅದೇ ದಾರಿ ಹಿಡಿಯಿತು.

ಇದರ ಹಿಂದಿನ ತರ್ಕ ಸರಳ. ಹಾರುವ ವಿಮಾನದಲ್ಲಿ ಹತ್ತು ಸೀಟು ಖಾಲಿ ಇದ್ದರೆ ಅವುಗಳಿಂದ ಸಂಸ್ಥೆಗೆ ಬರುವುದು ಸೊನ್ನೆ. ಅಲ್ಲಿ ಒಬ್ಬ ಹಳೆಯ ಗಿರಾಕಿಯನ್ನು ಕೂರಿಸಿದರೆ ತಗಲುವ ಖರ್ಚು ಊಟ ಮತ್ತು ಸ್ವಲ್ಪ ಇಂಧನ. ಮೈಲಿ ಎಂದರೆ ಖಾಲಿ ಉಳಿಯಬಹುದಾದ ಸೀಟಿನ ಮೇಲೆ ಬರೆದುಕೊಟ್ಟ ಚೀಟಿ.

1987ರಲ್ಲಿ ಈ ವ್ಯವಹಾರದ ರೂಪವೇ ಬದಲಾಯಿತು. ಅಮೆರಿಕನ್ ಏರ್‌ಲೈನ್ಸ್ ಮತ್ತು ಸಿಟಿಬ್ಯಾಂಕ್ ಕೂಡಿ ಕ್ರೆಡಿಟ್ ಕಾರ್ಡ್ ತಂದವು. ಈಗ ಮೈಲಿ ಗಳಿಸಲು ಹಾರಬೇಕಾಗಿಲ್ಲ, ಖರ್ಚು ಮಾಡಿದರೆ ಸಾಕು. ಬ್ಯಾಂಕು ವಿಮಾನ ಸಂಸ್ಥೆಯಿಂದ ಮೈಲಿಗಳನ್ನು ಸಗಟಾಗಿ ಕೊಂಡು ತನ್ನ ಗಿರಾಕಿಗೆ ಹಂಚುತ್ತದೆ. ತಿಂಡಿ ಪೊಟ್ಟಣ ತಯಾರಿಸುವವರೂ ಮೈಲಿ ಕೊಡತೊಡಗಿದರು. 1999ರಲ್ಲಿ ಕ್ಯಾಲಿಫೋರ್ನಿಯದ ಎಂಜಿನಿಯರ್ ಒಬ್ಬರು ಇಂಥದೊಂದು ಕೊಡುಗೆಯ ಲೆಕ್ಕ ಹಾಕಿ ಸುಮಾರು 12,000 ಪುಡ್ಡಿಂಗ್ ಬಟ್ಟಲುಗಳನ್ನು ಕೊಂಡು 12 ಲಕ್ಷಕ್ಕೂ ಹೆಚ್ಚು ಮೈಲಿ ಗಳಿಸಿದ್ದು ಲೋಕಪ್ರಸಿದ್ಧವಾಯಿತು.

ಚೀಟಿಯ ವ್ಯಾಪಾರ ವಿಮಾನದ ವ್ಯಾಪಾರವನ್ನೇ ಮೀರಿ ಬೆಳೆಯಿತೆಂಬುದಕ್ಕೆ 2020ರ ಕೊರೊನಾ ವರ್ಷವೇ ಸಾಕ್ಷಿ. ವಿಮಾನಗಳು ನೆಲ ಹಿಡಿದಾಗ ಡೆಲ್ಟಾ ಸಂಸ್ಥೆ ತನ್ನ ಮೈಲಿ ಯೋಜನೆಯನ್ನು ಅಡವಿಟ್ಟು 900 ಕೋಟಿ ಡಾಲರ್ ಸಾಲ ಎತ್ತಿತು. ಗಿರಾಕಿಗೆ ಕೊಟ್ಟ ಮಾತೇ ಸಾಲಗಾರರಿಗೆ ತೋರಿಸುವ ಆಸ್ತಿಯಾಯಿತು.

ಯಾರ ದುಡ್ಡು?

ಮೈಲಿಯ ಹಣ ಎಲ್ಲಿಂದಲೋ ಬರುವುದಿಲ್ಲ. ಅಂಗಡಿಯಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿದಾಗಲೆಲ್ಲ ಅಂಗಡಿಯವನು ಬಿಲ್ಲಿನ ಒಂದು ಪಾಲನ್ನು ಬ್ಯಾಂಕಿಗೆ ಬಿಟ್ಟುಕೊಡುತ್ತಾನೆ. ಅದರಲ್ಲಿ ಒಂದಂಶ ಮೈಲಿಯಾಗಿ ಗಿರಾಕಿಗೆ ಬರುತ್ತದೆ. ಅಂಗಡಿಯವನು ಆ ನಷ್ಟವನ್ನು ಸಾಮಾನಿನ ಬೆಲೆಯಲ್ಲಿ ಸೇರಿಸಿದರೆ, ನಗದು ಕೊಟ್ಟು ಅಕ್ಕಿ ಬೇಳೆ ಕೊಳ್ಳುವವನೂ ಇನ್ನೊಬ್ಬರ ಬಾಲಿ ಯಾತ್ರೆಗೆ ತನ್ನ ಕಿಂಚಿತ್ ಕಾಣಿಕೆ ಸಲ್ಲಿಸಿದಂತೆ. ಬ್ಯಾಂಕ್ ಖಾತೆಯಿಂದ ಯುಪಿಐ ಮೂಲಕ ನೇರವಾಗಿ ಕೊಡುವ ಹಣಕ್ಕೆ 2020ರ ಜನವರಿಯಿಂದ ಅಂಗಡಿಯವರಿಂದ ಶುಲ್ಕ ಪಡೆಯುವಂತಿಲ್ಲ. ಅಲ್ಲಿ ಹಂಚಲು ಪಾಲೇ ಇಲ್ಲದಿರುವುದರಿಂದ ಮೈಲಿಯೂ ಸಾಮಾನ್ಯವಾಗಿ ಇರುವುದಿಲ್ಲ.

ಲೆಕ್ಕವನ್ನು ಹೀಗೆ ನೋಡಬಹುದು. ನೂರು ರೂಪಾಯಿ ಖರ್ಚಿಗೆ ಒಂದು ಮೈಲಿ ಕೊಡುವ ಕಾರ್ಡು ಇದೆಯೆಂದು ಇಟ್ಟುಕೊಳ್ಳೋಣ. ಒಂದು ಟಿಕೆಟ್ಟಿಗೆ 20,000 ಮೈಲಿ ಬೇಕಾದರೆ 20 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಆ ಟಿಕೆಟ್ಟಿನ ನಗದು ಬೆಲೆ 20,000 ರೂಪಾಯಿ ಆಗಿದ್ದರೆ ಮೈಲಿಯ ಬೆಲೆ ಹೆಚ್ಚೆಂದರೆ ಒಂದು ರೂಪಾಯಿ. ತೆರಿಗೆ, ನಿಲ್ದಾಣದ ಶುಲ್ಕಗಳನ್ನು ಹೇಗೂ ಕೈಯಿಂದಲೇ ಕೊಡಬೇಕಾಗುವುದರಿಂದ ಅದು ಒಂದು ರೂಪಾಯಿಗೂ ಕಡಿಮೆ. ಒಟ್ಟಿನಲ್ಲಿ ಗಳಿಕೆ ಖರ್ಚಿನ ಶೇಕಡ ಒಂದನ್ನು ಮುಟ್ಟುವುದಿಲ್ಲ. ಆದರೆ ಕಾರ್ಡಿನ ಬಾಕಿ ಉಳಿಸಿಕೊಂಡರೆ ತೆರುವ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ ಶೇಕಡ ಮೂರನ್ನು ಮೀರುತ್ತದೆ. ಒಂದು ತಿಂಗಳ ಬಾಕಿ ಹಲವು ತಿಂಗಳ ಮೈಲಿಯನ್ನು ನುಂಗಿಬಿಡುತ್ತದೆ. ಹೇಗೂ ಮಾಡಬೇಕಾದ ಖರ್ಚನ್ನು ಕಾರ್ಡಿನಲ್ಲಿ ಮಾಡಿ, ಗಡುವಿನೊಳಗೆ ಪೂರ್ತಿ ತೀರಿಸುವವರಿಗೆ ಮಾತ್ರ ಮೈಲಿ ಲಾಭ.

ಮಾತು ಉಳಿದದ್ದು, ಅಳಿದದ್ದು

ಭಾರತದಲ್ಲಿ 1990ರ ದಶಕದಲ್ಲಿ ಖಾಸಗಿ ವಿಮಾನಗಳಿಗೆ ಬಾಗಿಲು ತೆರೆದ ಮೇಲೆ ಈ ಪದ್ಧತಿ ಬೇರು ಬಿಟ್ಟಿತು. ಅದರ ಏಳುಬೀಳುಗಳನ್ನು ಬೆಂಗಳೂರಿನವರು ಹತ್ತಿರದಿಂದ ಕಂಡಿದ್ದಾರೆ. ಬೆಂಗಳೂರಿನದೇ ಆದ ಕಿಂಗ್‌ಫಿಷರ್ ಸಂಸ್ಥೆ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿದಾಗ ಅದರ ಮೈಲಿಗಳು ಬರಿಯ ಅಂಕಿಗಳಾದವು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಿತು. ಅದರ ಮೈಲಿ ಯೋಜನೆ ಬೇರೆ ಕಂಪನಿಯದಾಗಿದ್ದರಿಂದ ಅಂಕಗಳು ಉಳಿದವು, ಆದರೆ ಅವುಗಳಿಗೆ ಆಧಾರವಾಗಿದ್ದ ವಿಮಾನವೇ ಇರಲಿಲ್ಲ. 2024ರ ನವೆಂಬರ್‌ನಲ್ಲಿ ವಿಸ್ತಾರಾ ಸಂಸ್ಥೆ ಏರ್ ಇಂಡಿಯಾದಲ್ಲಿ ವಿಲೀನವಾದಾಗ ಮಾತ್ರ ಹಳೆಯ ಅಂಕಗಳು ಏರ್ ಇಂಡಿಯಾದ ಲೆಕ್ಕಕ್ಕೆ ವರ್ಗವಾದವು.

ಸಂಸ್ಥೆ ಬದುಕಿದ್ದರೂ ಮೈಲಿಯ ಬೆಲೆ ಸ್ಥಿರವಲ್ಲ. ನಿನ್ನೆ 20,000 ಮೈಲಿಗೆ ಸಿಗುತ್ತಿದ್ದ ಸೀಟಿಗೆ ನಾಳೆ 30,000 ಎಂದರೆ ಕೇಳುವವರಿಲ್ಲ. ಯೋಜನೆಯ ಷರತ್ತುಗಳಲ್ಲೇ ಬದಲಾವಣೆಯ ಹಕ್ಕನ್ನು ಸಂಸ್ಥೆ ಇಟ್ಟುಕೊಂಡಿರುತ್ತದೆ. ಸಿಂಗಪುರ ಏರ್‌ಲೈನ್ಸ್‌ನಂಥ ಕೆಲವು ಸಂಸ್ಥೆಗಳ ಮೈಲಿಗೆ ಮೂರು ವರ್ಷಗಳ ಆಯುಷ್ಯ ಬೇರೆ. ಐನೂರ್ವರ ಕಟ್ಟಳೆಗೂ ಇಂದಿನ ಮೈಲಿಗೂ ಇರುವ ವ್ಯತ್ಯಾಸ ಇದು. ಅಲ್ಲಿ ಕಟ್ಟಳೆ ಇಬ್ಬರನ್ನೂ ಕಟ್ಟುತ್ತಿತ್ತು. ಇಲ್ಲಿ ಚೀಟಿ ಬರೆದವನೇ ಅದನ್ನು ತಿದ್ದುತ್ತಾನೆ.

ಕಾಯುವ ಕಲೆ

ಹಾಗೆಂದು ಮೈಲಿಯಿಂದ ದ್ವೀಪಯಾನ ಸಾಧ್ಯವೇ ಇಲ್ಲವೆಂದಲ್ಲ. ಅದಕ್ಕೆ ಯೋಜನೆ ಬೇಕು. 1997ರಲ್ಲಿ ಐದು ಸಂಸ್ಥೆಗಳು ಕೂಡಿ ಕಟ್ಟಿದ ಸ್ಟಾರ್ ಅಲಯನ್ಸ್ ಎಂಬ ಒಕ್ಕೂಟವನ್ನು ಏರ್ ಇಂಡಿಯಾ 2014ರ ಜುಲೈಯಲ್ಲಿ ಸೇರಿತು. ಸಿಂಗಪುರ ಏರ್‌ಲೈನ್ಸ್ ಮತ್ತು ಥಾಯ್ ಏರ್‌ವೇಸ್ ಕೂಡ ಇದರ ಸದಸ್ಯರು. ಒಂದು ಸಂಸ್ಥೆಯ ಮೈಲಿಯನ್ನು ಇನ್ನೊಂದರ ವಿಮಾನದಲ್ಲಿ ಬಳಸಬಹುದಾದ್ದರಿಂದ, ಏರ್ ಇಂಡಿಯಾದಲ್ಲಿ ಕೂಡಿಟ್ಟದ್ದು ಸಿಂಗಪುರದ ಸೀಟಾಗಬಹುದು. ಬೆಂಗಳೂರಿನಿಂದ ಸಿಂಗಪುರಕ್ಕೆ ಸುಮಾರು 2,000 ಮೈಲಿ. ಅಲ್ಲಿಂದ ಬಾಲಿ, ಪೆನಾಂಗ್, ಲೊಂಬೊಕ್‌ಗಳಿಗೆ ಅಗ್ಗದ ವಿಮಾನಗಳ ಟಿಕೆಟ್ಟನ್ನು ನಗದಿಗೆ ಕೊಳ್ಳುವುದು ಅನೇಕ ಸಲ ಲಾಭಕರ. ಮೈಲಿಯನ್ನು ದುಬಾರಿ ದಾರಿಗೆ, ನಗದನ್ನು ಅಗ್ಗದ ದಾರಿಗೆ ಎಂಬುದು ಇಲ್ಲಿನ ಮೂಲಸೂತ್ರ.

ಇನ್ನು ಕಾಲ. ಮೈಲಿಗೆ ಸಿಗುವ ಸೀಟುಗಳು ಕೆಲವೇ. ದಸರೆ, ಬೇಸಿಗೆ ರಜೆ, ಹೊಸ ವರ್ಷದಲ್ಲಿ ನಗದು ಗಿರಾಕಿಗಳೇ ತುಂಬಿರುವುದರಿಂದ ಅವು ಸಿಗುವುದೇ ಕಷ್ಟ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಸ್ಥಿತಿ. ಸಂಸಾರಸಮೇತ ನಾಲ್ವರು ಒಂದೇ ವಿಮಾನದಲ್ಲಿ ಹೋಗಬೇಕಾದರೆ ತಿಂಗಳುಗಳ ಮೊದಲೇ ಹುಡುಕಬೇಕು, ದಿನಾಂಕದಲ್ಲಿ ಹಟ ಹಿಡಿಯಬಾರದು. ಬಾಲಿಯಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣ ಹವೆ, ಡಿಸೆಂಬರ್–ಜನವರಿಯಲ್ಲಿ ಜೋರು ಮಳೆ. ನಮ್ಮ ಮಳೆಗಾಲದ ಜೂನ್, ಜುಲೈ ಅಲ್ಲಿ ಬಿಸಿಲಿನ ಕಾಲ ಎಂಬುದು ಬೇಸಾಯದ ಕ್ಯಾಲೆಂಡರಿನಲ್ಲೇ ಬದುಕುವವರು ಗಮನಿಸಬೇಕಾದದ್ದು.

ದ್ವೀಪಗಳ ನೆಲವೂ ಸ್ಥಿರವಲ್ಲ. ಅಲ್ಲಿ ದೊಡ್ಡ ಭೂಕಂಪವಾದರೆ 1960ರ ದಶಕದಿಂದ ಗೌರಿಬಿದನೂರಿನ ಬಳಿ ಇರುವ ಭೂಕಂಪನ ಮಾಪನ ಕೇಂದ್ರದ ಉಪಕರಣಗಳೂ ಅದನ್ನು ಗುರುತಿಸುತ್ತವೆ. 2017ರ ನವೆಂಬರ್‌ನಲ್ಲಿ ಆಗುಂಗ್ ಜ್ವಾಲಾಮುಖಿ ಬೂದಿ ಉಗುಳಿ ಬಾಲಿಯ ವಿಮಾನ ನಿಲ್ದಾಣವನ್ನೇ ಮುಚ್ಚಬೇಕಾಯಿತು. 2024ರ ನವೆಂಬರ್‌ನಲ್ಲಿ ಫ್ಲೋರೆಸ್ ದ್ವೀಪದ ಜ್ವಾಲಾಮುಖಿಯಿಂದ ಬಾಲಿಯ ಅನೇಕ ವಿಮಾನಗಳು ರದ್ದಾದವು. ಮೈಲಿಯ ಟಿಕೆಟ್ ಹಿಡಿದವರಿಗೆ ಬದಲಿ ಸೀಟು ಹುಡುಕುವುದು ಕಷ್ಟವಾಗಬಹುದಾದ್ದರಿಂದ ಕೈಯಲ್ಲಿ ಒಂದೆರಡು ದಿನ, ಜೇಬಿನಲ್ಲಿ ಒಂದಿಷ್ಟು ನಗದು ಮಿಗಿಸಿಕೊಂಡು ಹೊರಡುವುದು ಕ್ಷೇಮ.

ಸಾವಿರ ವರ್ಷದ ಹಿಂದೆ ಬಾರೂಸಿಗೆ ಹೊರಟ ವರ್ತಕ ಗಾಳಿಗಾಗಿ ಕಾಯುತ್ತಿದ್ದ. ಆದರೆ ಗಾಳಿ ಬಂದ ಮೇಲೆ ದಡದಲ್ಲಿ ಕೂರುತ್ತಿರಲಿಲ್ಲ. ಇಂದಿನ ಮೈಲಿಯೂ ಕೂಡಿಟ್ಟಷ್ಟೂ ಬೆಳೆಯುವ ಠೇವಣಿಯಲ್ಲ. ಅದಕ್ಕೆ ಬಡ್ಡಿ ಬರುವುದಿಲ್ಲ, ಬೆಲೆ ಇಳಿಯುವುದು ಮಾತ್ರ ಉಂಟು. ಮಗಳ ಮದುವೆಗೆಂದು ಚಿನ್ನ ಕೂಡಿಡುವಂತೆ ಅದನ್ನು ಕೂಡಿಡುವವರು ನಿರಾಶರಾಗಬಹುದು. ಒಂದು ಯಾತ್ರೆಯ ಗುರಿ ಇಟ್ಟುಕೊಂಡು, ಅದಕ್ಕೆ ಬೇಕಾದಷ್ಟು ಸೇರಿದ ಕೂಡಲೇ ಬಳಸಿಬಿಡುವವರೇ ಜಾಣರು. ಕಣದಲ್ಲಿ ರಾಗಿ ತೂರುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಳಿ ಬಂದಾಗಲೇ ತೂರಿಕೊಳ್ಳಬೇಕು.