ಘೋರ್ಪಡೆ ಮನೆತನದ ಹೆಸರು ಮತ್ತು ನೆಲೆ

ದಖ್ಖನಿನ ಮರಾಠಾ ಕ್ಷತ್ರಿಯ ಕುಲಗಳಲ್ಲಿ ಒಂದಾದ ಘೋರ್ಪಡೆ ಮನೆತನದವರು ಮೂಲದಲ್ಲಿ ಭೋಸಲೆಗಳೇ ಆಗಿದ್ದು, ಬಹಮನಿ ಸುಲ್ತಾನರ ಸೇವೆಯಲ್ಲಿದ್ದ ಕಾಲದಲ್ಲಿ ಈ ಹೆಸರನ್ನು ಪಡೆದರೆಂದು ಮುಧೋಳ ಸಂಸ್ಥಾನದ ಪರಂಪರೆ ಹೇಳುತ್ತದೆ. ಮರಾಠಿಯಲ್ಲಿ ‘ಘೋರ್ಪಡ’ ಎಂದರೆ ಉಡ. ಬಹಮನಿ ಮಂತ್ರಿ ಮಹಮೂದ್ ಗವಾನನು ಖೇಲ್ನಾ, ಅಂದರೆ ಇಂದಿನ ವಿಶಾಲಗಡವನ್ನು ಮುತ್ತಿದಾಗ, ಕರ್ಣಸಿಂಹನೆಂಬ ಸರದಾರನು ಉಡದ ನಡುವಿಗೆ ಹಗ್ಗ ಬಿಗಿದು ಗೋಡೆಗೆ ಹತ್ತಿಸಿ, ಅದು ಕಲ್ಲಿನ ಸಂದಿಯಲ್ಲಿ ಪಟ್ಟು ಹಿಡಿದ ಮೇಲೆ ಆ ಹಗ್ಗದ ಆಸರೆಯಲ್ಲೇ ಕೋಟೆಯೇರಿದನೆಂದೂ, ಆತನ ಮಗ ಭೀಮಸಿಂಹನಿಗೆ 1471ರಲ್ಲಿ ‘ರಾಜಾ ಘೋರ್ಪಡೆ ಬಹಾದ್ದೂರ್’ ಎಂಬ ಬಿರುದು ದೊರೆಯಿತೆಂದೂ ಪ್ರತೀತಿ. ಇದೇ ಸಾಹಸವನ್ನು ಸಿಂಹಗಡದ ತಾನಾಜಿಯ ಕಥೆಯೂ ಹೇಳುವುದರಿಂದ ಇದನ್ನು ಐತಿಹ್ಯವೆಂದು ಓದುವುದೇ ಲೇಸು; ಬಿರುದನ್ನು ದಾಖಲಿಸುವ ಫರ್ಮಾನುಗಳ, ಎಂದರೆ ರಾಜಾಜ್ಞೆಗಳ, ಪ್ರಾಮಾಣ್ಯವನ್ನೂ ಇತಿಹಾಸಕಾರರು ಪ್ರಶ್ನಿಸಿದ್ದಾರೆ.

ಹದಿನೇಳನೆಯ ಶತಮಾನದಿಂದೀಚೆಗೆ ದಾರಿ ಸ್ಪಷ್ಟವಾಗುತ್ತದೆ. ಬಿಜಾಪುರದ ಆದಿಲಶಾಹಿಗೆ ನಿಷ್ಠನಾಗಿದ್ದ ಮುಧೋಳದ ಬಾಜಿ ಘೋರ್ಪಡೆ 1648ರಲ್ಲಿ ಶಿವಾಜಿಯ ತಂದೆ ಶಹಾಜಿಯನ್ನು ಸೆರೆಹಿಡಿಯುವುದರಲ್ಲಿ ಪಾಲ್ಗೊಂಡನು. ಆ ಹಗೆಯನ್ನು ಮರೆಯದ ಶಿವಾಜಿ 1664ರಲ್ಲಿ ಅವನನ್ನು ಕೊಂದನು. ಆದರೆ ಇದೇ ಮನೆತನದ ಸಂತಾಜಿ, ಮರಾಠರ ಸೇನಾಪತಿಯಾಗಿ, ಚಿತ್ರದುರ್ಗ ಸೀಮೆಯ ದೊಡ್ಡೇರಿಯಲ್ಲಿ ಮೊಗಲ್ ಸೇನಾನಿ ಕಾಸಿಂ ಖಾನನನ್ನು ಮುತ್ತಿಗೆಯಲ್ಲಿ ಕಟ್ಟಿಹಾಕಿದನು. ಗುತ್ತಿಯ ಮುರಾರಿರಾವ್ ಘೋರ್ಪಡೆ 1776ರಲ್ಲಿ ಹೈದರಾಲಿಗೆ ಸೋತು ಸೆರೆಯಲ್ಲೇ ಮಡಿದನು. ಮುಧೋಳ, ಸಂಡೂರು ಎಂಬ ಎರಡು ಘೋರ್ಪಡೆ ಸಂಸ್ಥಾನಗಳು ಮಾತ್ರ ಬ್ರಿಟಿಷರ ಕಾಲವನ್ನು ದಾಟಿ, ಸ್ವಾತಂತ್ರ್ಯಾನಂತರ ಭಾರತದಲ್ಲಿ ವಿಲೀನಗೊಂಡು, ಇಂದು ಕರ್ನಾಟಕದಲ್ಲಿವೆ.