ಬಂಬ್ ಬರುವ ಮೊದಲು

ಮುಂಬಯಿಯಲ್ಲಿ ಬೆಂಕಿ ಆರಿಸುವುದು ಮೊದಲಿನಿಂದಲೂ ಸಂಬಳದ ನೌಕರಿ. ಹಿಂದೆ ಅದು ಪೊಲೀಸರ ಪಾಲಿನ ಕೆಲಸವಾಗಿತ್ತು. 1887ರಲ್ಲಿ ಪ್ರತ್ಯೇಕ ಅಗ್ನಿಶಾಮಕ ದಳ ಹುಟ್ಟಿತು. ಮರುವರ್ಷದ ಕಾಯಿದೆ ಆ ಹೊಣೆಯನ್ನು ನಗರಪಾಲಿಕೆಯ ಹೆಗಲಿಗೇರಿಸಿತು. ಕುದುರೆ ಎಳೆಯುವ ಬಂಬ್, ಅಂದರೆ ಬೆಂಕಿ ಆರಿಸುವ ಗಾಡಿ, ಹೋಗಿ ಮೋಟಾರಿನದು ಬಂತು. ಅಮೆರಿಕದ ಸಣ್ಣ ಪಟ್ಟಣಗಳಂತೆ ಊರವರೇ ಕಟ್ಟಿ ನಡೆಸುವ ದಳ ಮಾತ್ರ ಇಲ್ಲಿ ಬೇರು ಬಿಡಲಿಲ್ಲ. ಸಂಬಳವಿಲ್ಲದ ಕೈಗಳು ಇಲ್ಲಿ ಹೋಸ್ ಹಿಡಿದದ್ದು ಯುದ್ಧದ ಭಯ ಬಂದಾಗಲೇ. ನಾನೂ ಹಾಗೆ ಹಿಡಿದವನು.

ಎರಡನೇ ಮಹಾಯುದ್ಧದ ಹೊತ್ತಿಗೆ ವೈಮಾನಿಕ ದಾಳಿಯ ಮುನ್ನೆಚ್ಚರಿಕೆಗಾಗಿ ಎಆರ್‌ಪಿ ಎಂಬ ಪಡೆ ನಗರದಲ್ಲಿ ಸಜ್ಜಾಗಿತ್ತು. ಆದರೆ ಆಪತ್ತು ಆಕಾಶದಿಂದ ಬರಲಿಲ್ಲ. 1944ರ ಏಪ್ರಿಲ್ 14ರ ಮಧ್ಯಾಹ್ನ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಹಡಗಿನ ಹತ್ತಿ ಹೊಗೆಯಾಡತೊಡಗಿತು. ಅದೇ ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕ. ನಾಲ್ಕು ಗಂಟೆ ದಾಟುತ್ತಲೇ ಒಂದು ಸ್ಫೋಟ, ಅರ್ಧ ಗಂಟೆಯಲ್ಲಿ ಇನ್ನೊಂದು. ಸತ್ತ ನೂರಾರು ಜನರಲ್ಲಿ 66 ಮಂದಿ ಅಗ್ನಿಶಾಮಕ ದಳದವರು. ಇವತ್ತಿಗೂ ಆ ದಿನವನ್ನು ದೇಶವೆಲ್ಲ ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುತ್ತದೆ. ಎರಡು ವರ್ಷದ ನಂತರ, 1946ರ ಡಿಸೆಂಬರಿನಲ್ಲಿ, ಗಲಭೆಗಳ ನಡುವೆ ಮೊರಾರ್ಜಿ ದೇಸಾಯಿ ಇದೇ ನಗರದಲ್ಲಿ ಗೃಹರಕ್ಷಕ ದಳ ಶುರುಮಾಡಿದರು. 1962ರ ಚೀನಾ ಯುದ್ಧ, 1965ರ ಪಾಕಿಸ್ತಾನ ಯುದ್ಧ ಆದಮೇಲೆ 1968ರಲ್ಲಿ ಪೌರರಕ್ಷಣಾ ಕಾಯಿದೆ ಬಂತು.

ಕುಂದಾಪುರ ಕಡೆಯಿಂದ ಬಂದ ನಾನು ಆಗ ವಿಕ್ರೋಳಿಯ ಒಂದು ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದೆ, ಸಂಜೆ ರಾತ್ರಿಶಾಲೆ. ಸುತ್ತಲೂ ಕಾರ್ಖಾನೆ. 1951ರಲ್ಲಿ ಮೊದಲ ಮಹಾಚುನಾವಣೆಗೆ ಲಕ್ಷಗಟ್ಟಲೆ ಮತಪೆಟ್ಟಿಗೆ ಮಾಡಿಕೊಟ್ಟ ಗೋದ್ರೆಜ್ ಇಲ್ಲಿಯದೇ. ಶತ್ರು ವಿಮಾನ ಬಂದರೆ ಇಂಥ ಜಾಗವನ್ನೇ ಹುಡುಕಿ ಬರುತ್ತದೆ ಎಂಬ ಮಾತಿತ್ತು. 1971ರಲ್ಲಿ ಪೂರ್ವ ಬಂಗಾಳದ ಸುದ್ದಿ ಕಾವೇರುತ್ತಿದ್ದಂತೆ ಪೌರರಕ್ಷಣೆಗೆ ಸ್ವಯಂಸೇವಕರು ಬೇಕೆಂದರು. ಹೆಸರು ಕೊಟ್ಟೆ. ದೇಶಭಕ್ತಿ ಇತ್ತು, ಸುಳ್ಳಲ್ಲ. ಶಿಳ್ಳೆ, ತೋಳಪಟ್ಟಿ ಸಿಗುತ್ತದೆಂಬ ಆಸೆಯೂ ಇತ್ತು.

ಕಲಿಸಿದವರು ಮರಾಠಿ, ಹಿಂದಿ ಬೆರೆಸಿ ಮಾತಾಡುವ ಗಟ್ಟಿ ದನಿಯ ಮನುಷ್ಯ. ಮೊದಲ ಪಾಠ ಸ್ಟಿರಪ್ ಪಂಪ್. ನೀರು ತುಂಬಿದ ಬಕೆಟ್‌ನೊಳಗೆ ಪಂಪ್ ಇಳಿಬಿಟ್ಟು, ಹೊರಗಿನ ಪಟ್ಟಿಯನ್ನು ಒಂದು ಕಾಲಲ್ಲಿ ಒತ್ತಿ ಹಿಡಿದು ಒಬ್ಬ ಪಂಪ್ ಹೊಡೆಯಬೇಕು. ಇನ್ನೊಬ್ಬ ಬಕೆಟ್ ಬರಿದಾಗದಂತೆ ನೀರು ತರಬೇಕು. ಮೂರನೆಯವನು ನಾಜಲ್ ಹಿಡಿದು ನೆಲಕ್ಕೆ ಹೊಟ್ಟೆ ಹಚ್ಚಿ ತೆವಳಬೇಕು. ಹೊಗೆ ಮೇಲೇರುತ್ತದೆ, ಉಸಿರಾಡುವ ಗಾಳಿ ಉಳಿಯುವುದು ನೆಲದ ಹತ್ತಿರ. ಮುಚ್ಚಿದ ಬಾಗಿಲಿಗೆ ಅಂಗೈಯ ಹಿಂಬದಿ ತಾಗಿಸಿ ನೋಡು, ಬಿಸಿಯಿದ್ದರೆ ತೆರೆಯಬೇಡ. ಮಹಡಿ ಸುಟ್ಟಿದ್ದರೆ ಗೋಡೆಯ ಪಕ್ಕವೇ ನಡೆ, ನಡುವೆ ಕಾಲಿಡಬೇಡ. ಎಚ್ಚರ ತಪ್ಪಿದವನ ಮಣಿಕಟ್ಟುಗಳನ್ನು ಕೂಡಿಸಿ ಕಟ್ಟಿ, ಅದನ್ನು ನಿನ್ನ ಕುತ್ತಿಗೆಗೆ ಹಾಕಿಕೊಂಡು ನಾಲ್ಕು ಕಾಲಲ್ಲಿ ಎಳೆದು ತಾ. ನನ್ನನ್ನು ಹಾಗೆ ಎಳೆದ ದಿನ ಅಂಗಿಯ ಬೆನ್ನು ಹರಿಯಿತು.

ನನಗೆ ಹೆಚ್ಚು ಹತ್ತಿರವಾದದ್ದು ಅಡುಗೆಮನೆಯ ಪಾಠ. ಕಾದ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ನೀರು ತಳಕ್ಕಿಳಿದು ಆವಿಯಾಗಿ ಉರಿಯುವ ಎಣ್ಣೆಯನ್ನು ಮೇಲಕ್ಕೆಸೆಯುತ್ತದೆ. ಒಲೆ ಆರಿಸು, ಬಾಣಲೆಗೆ ಮುಚ್ಚಳ ಹಾಕು. ಬಾಂಬಿಗೆಂದು ಕಲಿತ ವಿದ್ಯೆ ನನಗೆ ಮುಂದೆ ಒದಗಿದ್ದು ಬೋಂಡದ ಬಾಣಲೆಯ ಮುಂದೆ.

ಡಿಸೆಂಬರ್ 3ರಂದು ಯುದ್ಧ ಬಂತು. ಕಿಟಕಿಗಳಿಗೆ ಕಪ್ಪು ಕಾಗದ, ಮೋಟಾರುಗಳ ದೀಪಕ್ಕೆ ಅರ್ಧ ಕಪ್ಪು ಬಣ್ಣ. ನಾವು ಚಾಳುಗಳ ಸಾಲಿನಲ್ಲಿ ಶಿಳ್ಳೆ ಊದುತ್ತ, "ಬತ್ತಿ ಬಂದ್ ಕರೋ" ಎಂದು ಕೂಗುತ್ತ ತಿರುಗಿದೆವು. ಹದಿನಾರರಂದು ಢಾಕಾದಲ್ಲಿ ಶರಣಾಗತಿ. ನಮ್ಮ ಕೂಟ ಸದ್ದಿಲ್ಲದೆ ಕರಗಿತು. ಭಯ ಕಟ್ಟಿದ್ದನ್ನು ಗೆಲುವು ಬಿಚ್ಚಿತು.

ಕಾಯಿದೆ ಆಮೇಲೆ ಬುದ್ಧಿ ಕಲಿತಿದೆ. 2009ರ ತಿದ್ದುಪಡಿ ಪೌರರಕ್ಷಣೆಗೆ ಪ್ರಕೃತಿ ವಿಕೋಪದಂಥ ಅವಘಡಗಳನ್ನೂ ಸೇರಿಸಿತು. ಆದರೂ 2025ರ ಮೇ 7ರಂದು ದೇಶದಾದ್ಯಂತ ಸೈರನ್ ಕೂಗಿಸಿ ಅಭ್ಯಾಸ ಮಾಡಿಸಿದ್ದು ಮತ್ತೆ ಯುದ್ಧದ ಸುಳಿವು ಕಂಡಾಗಲೇ. ಆ ಸಂಜೆ ನಮ್ಮ ಕಟ್ಟಡದ ಹುಡುಗರು ಮೊಬೈಲ್ ಎತ್ತಿ ಸೈರನ್ ಹಿಡಿದುಕೊಳ್ಳುತ್ತಿದ್ದರು.

ನಮ್ಮ ವಿಕ್ರೋಳಿಯ ಕನ್ನಮ್ವಾರ್ ನಗರದ ಹಳೆಯ ಕಟ್ಟಡಗಳು ಒಂದೊಂದಾಗಿ ಉರುಳಿ ಟವರ್‌ಗಳು ಏಳುತ್ತಿವೆ. ಮಹಾರಾಷ್ಟ್ರದ 2006ರ ಅಗ್ನಿಸುರಕ್ಷಾ ಕಾಯಿದೆಯಂತೆ ಉಪಕರಣಗಳು ಸರಿಯಿವೆಯೆಂದು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಯಲ್ಲಿ, ಪ್ರಮಾಣಪತ್ರ ಕೊಡಬೇಕು. ಒಳ್ಳೆಯದೇ. ಆದರೆ ಆ ಪತ್ರ ಗೋಡೆಯ ಮೇಲಿನ ಸಿಲಿಂಡರನ್ನು ಪರೀಕ್ಷಿಸುತ್ತದೆ, ಅದರ ಪಕ್ಕದ ಮನೆಯವನ ಕೈಯನ್ನಲ್ಲ. 101ಕ್ಕೆ ಫೋನ್ ಮಾಡಿ ಬಂಬ್ ಎಲ್‌ಬಿಎಸ್ ರಸ್ತೆಯ ಟ್ರಾಫಿಕ್ ದಾಟಿ ಬರುವವರೆಗಿನ ಹೊತ್ತು ಯಾವತ್ತೂ ನೆರೆಹೊರೆಯವರದೇ. ಸೊಸೈಟಿಯ ಸಭೆಯಲ್ಲಿ ಪ್ರತಿ ವರ್ಷ ನನ್ನದು ಒಂದೇ ಬೇಡಿಕೆ: ಏಪ್ರಿಲ್ 14ರಂದು ಸಿಲಿಂಡರಿನ ಪಿನ್ ಕಿತ್ತು ಎಲ್ಲರೂ ಒಮ್ಮೆ ಒತ್ತಿ ನೋಡಲಿ. ಮತ್ತೆ ತುಂಬಿಸಲು ಖರ್ಚಾಗುತ್ತದೆ ಎನ್ನುತ್ತಾರೆ ಖಜಾಂಚಿ. ಆಗಲಿ ಮಾರಾಯ್ರೇ, ಯುದ್ಧಕ್ಕಾಗಿ ಕಾಯುವುದಕ್ಕಿಂತ ಅದು ಅಗ್ಗ.